ದೀಪ ಹಚ್ಚಿದ ಮೇಲಿನ ಬೈಗುಳ

ಎರಡನೆಯ ಕರಡಚ್ಚು ಇವತ್ತು ಮಧ್ಯಾಹ್ನ ಕೊಟ್ಟೂರಿನ ನನ್ನ ಮನೆಗೆ ಬಂತು. ಕಟ್ಟು ಬಿಚ್ಚಿದೊಡನೆ ಮಸಿಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ, ನಂಬಿದರೆ ನಂಬಿ, ಕುರಿಹಟ್ಟಿಯ ವಾಸನೆ. ಹಾಳೆಗೆ ಕುರಿಹಿಕ್ಕೆಯ ವಾಸನೆ ಬರಲು ಕಾರಣವಿಲ್ಲ. ನನ್ನ ಮೂಗಿಗೂ ವಯಸ್ಸಾಯಿತು ಎಂದುಕೊಂಡು ಸುಮ್ಮನಾದೆ.

ಕಥೆಗಳು ನನ್ನ ಸೋದರಮಾವನವು. ಇಟ್ಟಿಗಿ ಕಡೆಯ ಹಳ್ಳಿಯಲ್ಲಿ ಮೇಷ್ಟರಾಗಿದ್ದು, ಕುರಿ ಕಾಯುವ ತನ್ನ ಮನೆತನದ ಬಗ್ಗೆ ಒಂದೇ ಒಂದು ಪುಸ್ತಕ ಬರೆದು ತೀರಿಕೊಂಡವನು. ಅದನ್ನು ಮತ್ತೆ ಅಚ್ಚು ಹಾಕಲು ಹೊರಟವರು ಹಳೆಯ ಮಾತುಗಳಿಗೆ ಅರ್ಥ ಬರೆಯುವ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ನಿವೃತ್ತ ಕನ್ನಡ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೆ? ಬೆರಕಿ ಎಂದರೆ ಚಾಲಾಕಿ, ಖಬರಗೇಡಿ ಎಂದರೆ ಮೈಮೇಲೆ ಪರಿವೆ ಇಲ್ಲದವನು, ಪಡಪೋಶಿ ಎಂದರೆ ಕೆಲಸಕ್ಕೆ ಬಾರದ ಬಡಾಯಿಗಾರ. ಬರೆಯುತ್ತ ಬರೆಯುತ್ತ ನಗು ಬಂತು. ಬಾರಪ್ಪ, ಕೂಡಪ್ಪ ಎಂಬುದು ಬಿಟ್ಟು ಒಂದೂ ಗಡಸು ಮಾತಾಡದ ಮಾವ ಇಷ್ಟೊಂದು ಬೈಗುಳ ಎಲ್ಲಿಂದ ತಂದ?

ಮೊದಲ ಕರಡು ಕೈಯಲ್ಲಿದ್ದಾಗಲೇ ಪ್ರಕಾಶಕರ ಫೋನು ಬಂದಿತ್ತು. "ಸರ, ಈ ಬೈಗುಳ ಈಗಿನವ್ರಿಗೆ ತಿಳಿಯಂಗಿಲ್ಲ್ರಿ. ಅರ್ಥ ಕೊಟ್ರೂ ಕಡೀ ಪುಟ ತಗದು ಯಾರ್ ನೋಡ್ತಾರ? ಬೈಗುಳ ತಗದು, ಅಲ್ಲಿ ಆ ಮನಷ್ಯಾನ ಹೆಸರ ಹಾಕಿಬಿಡ್ರಿ."

ನನಗೂ ಸರಿ ಎನ್ನಿಸಿತು. ಕೆಂಪು ಪೆನ್ನು ಹಿಡಿದು ಮೊದಲ ಕರಡಿನಲ್ಲಿ 'ಖಬರಗೇಡಿ' ಕಂಡಲ್ಲೆಲ್ಲ ಹೊಡೆದು 'ಮಲ್ಲಪ್ಪ' ಎಂದು ಬರೆದೆ. ಮಲ್ಲಪ್ಪ ಕಥೆಯೊಳಗಿನ ಕುರಿಗಾಹಿ. ಮಾವನ ತಮ್ಮನ ಹೆಸರೂ ಅದೇ. ಆ ಸಣ್ಣಮಾವ ನಾನು ಹುಟ್ಟುವ ಮೊದಲೇ ಮನೆ ಬಿಟ್ಟು ಹೋದನೆಂದಷ್ಟೇ ನನಗೆ ಗೊತ್ತಿತ್ತು.

ಬೈಗುಳವೆಂದರೆ ನನಗೆ ನೆನಪಾಗುವುದು ಮಾವನ ಹೆಂಡತಿ ನಾಗವ್ವತ್ತೆ. ಬೇಸಿಗೆ ರಜೆಗೆ ಆ ಊರಿಗೆ ಹೋದರೆ ಹಗಲೆಲ್ಲ ನನ್ನ ಹೆಸರಿಗೆ ಬೆಣ್ಣೆ ಹಚ್ಚಿ ಕರೆಯುತ್ತಿದ್ದ ಅತ್ತೆ, ದೀಪ ಹಚ್ಚಿದ್ದೇ ತಡ, ಬೇರೆಯೇ ಹೆಂಗಸಾಗುತ್ತಿದ್ದಳು. "ಲೇ ಪಡಪೋಶಿ, ಎಲ್ಲಿ ಹಾಳಾಗಿ ಹ್ವಾದಿ? ಬಾ ಮನಿಗಿ!" ಅವಳೊಬ್ಬಳೇ ಅಲ್ಲ, ಪ್ರತಿ ಮನೆಯ ಬಾಗಿಲಲ್ಲೂ ಒಬ್ಬೊಬ್ಬಳು ಹೆಂಗಸು ನಿಂತು ಕತ್ತಲೆಗೆ ಮುಖ ಮಾಡಿ ಬೈಯುತ್ತಿದ್ದಳು. ಆಮೇಲೆ ಅದೇ ಅತ್ತೆ ಬಿಸಿ ರೊಟ್ಟಿಗೆ ತುಪ್ಪ ಹಚ್ಚಿ ಕೊಡುವಳು. ದಿನವಿಡೀ ದುಡಿದ ಸಿಟ್ಟು ಇರಬೇಕೆಂದು ನಾನು ಅಳು ನುಂಗಿಕೊಂಡು ತಿನ್ನುತ್ತಿದ್ದೆ.

ಹೋದ ತಿಂಗಳು ತಿದ್ದಿದ ಹಾಳೆಗಳನ್ನು ತೋರಿಸಲು ಅತ್ತೆಯ ಬಳಿಗೆ ಹೋದೆ. ಸೊಸೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಪಡಸಾಲೆಯಲ್ಲಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಅವಳ ಕಿವಿ ಮಂದವಾಗಿದೆಯೆಂದು ನಾನು ಕಟ್ಟೆಯ ಮೇಲೆ ಕೂತು, ಮೇಷ್ಟರ ಗತ್ತಿನಲ್ಲೇ ಜೋರಾಗಿ ಓದತೊಡಗಿದೆ: "ಮಲ್ಲಪ್ಪಾ, ಏ ಮಲ್ಲಪ್ಪಾ, ಮನಿಗಿ ಬಾ!"

ಅತ್ತೆ ಎದ್ದು ಬಂದದ್ದೇ ಗೊತ್ತಾಗಲಿಲ್ಲ. ಎಣ್ಣೆಯ ಕೈ ನನ್ನ ಬಾಯಿ ಮುಚ್ಚಿತ್ತು.

"ಹೊತ್ತು ಮುಣಗೈತಿ, ಕಣ್ಣು ಕಾಣಂಗಿಲ್ಲೇನು? ಯಾರ ಹೆಸರು ಹಿಡದು ಕರಿಯಾಕತ್ತಿ?"

"ಮಾವನ ಪುಸ್ತಕ, ಅತ್ತಿ."

"ನಿಮ್ಮಾವ ಹಂಗ ಬರದಿಲ್ಲ."

ಆಮೇಲೆ, ದೀಪ ಹಚ್ಚಿಟ್ಟು, ಹೊರಗೆ ನೋಡದೆ ಹೇಳಿದಳು. "ನನ್ನ ತವರುಮನಿ ಹರಪನಹಳ್ಳಿ. ಅಲ್ಲಿ ಇವೆಲ್ಲ ಇರಲಿಲ್ಲ. ಇಲ್ಲಿ ಕತ್ತಲಾದ ಮ್ಯಾಲ ಹೆಸರು ಹಿಡದು ಕರದ್ರ, ಅಡವ್ಯಾಗ ಇರೋದು ಆ ಹೆಸರು ಕಲೀತೈತಿ. ಬೈದು ಕರದ್ರ ಕಲಿಯಂಗಿಲ್ಲ. ಬೈಗುಳ ಯಾರ ಹೆಸರೂ ಅಲ್ಲಲ್ಲ. ನಾನು ಹೊಸ ಸೊಸಿ. ಮೈದುನನ್ನ ಬೈಯಾಕ ನಾಚಿಕಿ ಆತು. ಉಣ್ಣಾಕ ಬಾರಪ್ಪ ಮಲ್ಲಪ್ಪ ಅಂತ ಮರ್ಯಾದಿಲೆ ಕರದೆ. ಒಂದ ಸಲ."

ಮಲ್ಲಪ್ಪ ಓ ಎಂದು ಬಂದ, ಉಂಡ, ಮಲಗಿದ. ಮರುಸಂಜೆಯಿಂದ ಹೊತ್ತು ಮುಳುಗುತ್ತಲೇ ತಾನಾಗಿ ಎದ್ದು ಹೊಸ್ತಿಲಿಗೆ ಹೋಗಿ, "ಓ, ಬಂದೆ" ಎನ್ನತೊಡಗಿದ. ಯಾರು ಕರೆದರೆಂದು ಕೇಳಿದರೆ, "ನೀನ ಕರದೆಲ್ಲ, ಅತ್ತಿಗಿ" ಎನ್ನುವನು. ಅತ್ತೆ ಅವನ ಬೆನ್ನ ಹಿಂದೆ, ಒಲೆಯ ಮುಂದೆ ಕೂತಿರುತ್ತಿದ್ದಳು. ಒಂದು ಸಂಜೆ ಬಂದೆ ಎಂದವನು ಹೊಸ್ತಿಲು ದಾಟಿ ಹೋದ.

"ಊರ ಮಂದಿಯೆಲ್ಲ ಅಡವಿಗಿ ಹೋಗಿ ಬೈದು ಕರದ್ರು. ಖಬರಗೇಡಿ, ಬಾರಲೇ ಅಂತ. ಬರ್ಲಿಲ್ಲ. ಅದಕ್ಕ ನಿಮ್ಮಾವ ಪುಸ್ತಕ ಬರದ. ನಾವು ಸತ್ತ ಮ್ಯಾಲೂ ಓದಿದವ್ರು ಅವನ್ನ ಬೈದು ಕರೀತಿರ್ಲಿ, ದಾರಿ ಸಿಕ್ರ ಬರ್ಲಿ ಅಂತ. ನೀನು ಹೆಸರು ಹಾಕಿದ್ರ, ಓದಿದವ್ರೆಲ್ಲ ಆ ಅಡವ್ಯಾಗಿಂದು ಕರದಂಗ ಹೆಸರು ಹಿಡದು ಕರದಂಗಾತು." ಹೇಳುತ್ತ ಹೇಳುತ್ತ ಅತ್ತೆ ಅತ್ತಳು. ಇಷ್ಟು ವರ್ಷವಾದ ಮೇಲೂ ಅವಳು ಕಾಯುತ್ತಲೇ ಇದ್ದಳು.

ಮನೆ ಬಿಟ್ಟು ಹೋಗುವ ಹುಡುಗರು ಯಾವ ಊರಲ್ಲಿಲ್ಲ ಹೇಳಿ? ಬಸ್ಸಿನಲ್ಲಿ ಹಿಂದಿರುಗುವಾಗ ನಾನೂ ಹಾಗೆಯೇ ಸಮಾಧಾನ ಮಾಡಿಕೊಂಡೆ. ಆದರೂ ಮನೆಗೆ ಬಂದವನೇ ಹೊಡೆದ ಬೈಗುಳಗಳನ್ನೆಲ್ಲ ಮರಳಿ ಬರೆದು ಕಳಿಸಿದೆ. ಪ್ರಕಾಶಕರು ಗೊಣಗಿಕೊಂಡೇ ಒಪ್ಪಿದರು.

ಈಗ ಹಾಗೆ ತಿದ್ದಿ ಬಂದ ಎರಡನೆಯ ಕರಡೇ ನನ್ನ ಮುಂದಿದೆ. ಖಬರಗೇಡಿ ತನ್ನ ಜಾಗದಲ್ಲಿ ಕ್ಷೇಮವಾಗಿದ್ದಾನೆ. ಅರ್ಥದ ಪುಟದಲ್ಲಿ ನನ್ನ ಪಾಂಡಿತ್ಯವನ್ನು ಹೊಡೆದು ಹಾಕಿ ಬರೆದೆ: 'ಕತ್ತಲಾದ ಮೇಲೆ, ಮನೆಗೆ ಬರಲೇಬೇಕಾದವರನ್ನು ಕರೆಯುವ ಮಾತು.'

ಬರೆದು ತಲೆ ಎತ್ತುವಷ್ಟರಲ್ಲಿ ಹೊತ್ತು ಮುಳುಗಿತ್ತು. ಬಾಗಿಲ ಹೊರಗಿನಿಂದ ನಾಗವ್ವತ್ತೆಯ ದನಿ ನನ್ನ ಹೆಸರು ಹಿಡಿದು ಕರೆಯಿತು. ಮೆಲ್ಲಗೆ, ಬೆಣ್ಣೆ ಹಚ್ಚಿದ ಹಾಗೆ. ಸಂಜೆ ಬಸ್ಸು ಬರುವ ಹೊತ್ತೂ ಹೌದು. 'ಓ' ಎನ್ನುವುದು ಗಂಟಲವರೆಗೆ ಬಂದಿತ್ತು, ತುಟಿ ಕಚ್ಚಿಕೊಂಡೆ.

ಮತ್ತೆ ಕರೆಯಿತು, ಇನ್ನೂ ಮರ್ಯಾದೆಯಿಂದ. ದೀಪದ ಗುಂಡಿ ಬಾಗಿಲ ಪಕ್ಕದಲ್ಲೇ ಇದೆ, ನಾನು ಏಳಲಿಲ್ಲ. ಅತ್ತೆಯೇ ಆಗಿದ್ದರೆ ಒಂದು ಸಲವಾದರೂ ಪಡಪೋಶಿ ಎಂದಾಳೆಂದು, ಕತ್ತಲೆಯಲ್ಲಿ ಕಿವಿಗೊಟ್ಟು ಕಾಯುತ್ತ ಕೂತಿದ್ದೇನೆ.