ಸೊಪ್ಪಿನ ಮೇಲಿಂದು

ಹುಚ್ಚೆಳ್ಳು ಹುರಿಯುವಾಗ ಮೊದಲು ಏಳುವ ಘಮ ಚೆನ್ನಾಗಿರುತ್ತದೆ, ಇನ್ನೊಂದು ಗಳಿಗೆ ಬಿಟ್ಟರೆ ಕಹಿಗೆ ತಿರುಗುತ್ತದೆ. ಆ ನಡುವೆ ಬಾಣಲೆ ಇಳಿಸಿಬಿಡಬೇಕು. ಮೊನ್ನೆ ಚಿತ್ರದುರ್ಗದ ನನ್ನ ಅಡುಗೆಮನೆಯಲ್ಲಿ ಹುರಿಯುತ್ತಿದ್ದಾಗ ಪಕ್ಕದ ಮನೆಯ ಹುಡುಗಿ ಸಕ್ಕರೆ ಕೇಳಲು ಬಂದವಳು, "ಆಂಟಿ, ಸಲಾಡಿಗೆ ಡ್ರೆಸಿಂಗ್ ಮಾಡ್ತಾ ಇದೀರಾ? ಅಂಗಡೀಲಿ ಒಂದು ಬಾಟ್ಲಿ ಎಷ್ಟು ರೇಟು ಗೊತ್ತಾ? ನಂಗೂ ಹೇಳಿಕೊಡಿ" ಅಂದಳು. ಹೇಳಿಕೊಟ್ಟೆ. ಅದರಲ್ಲೇನು ಬ್ರಹ್ಮವಿದ್ಯೆಯಿದೆ? ಅವಳು ಫೋನಿನಲ್ಲಿ ಬರೆದುಕೊಂಡು ಖುಷಿಯಾಗಿ ಹೋದಳು. ನನಗೆ ಮಾತ್ರ ಮುಖವೆಲ್ಲ ಬಿಸಿಯಾಗಿತ್ತು. ಇಷ್ಟು ವಯಸ್ಸಾದರೂ ಆ ವಾಸನೆ ಮೂಗಿಗೆ ತಾಗಿದರೆ ನನಗೆ ಮೊದಲು ಬರುವುದು ನಾಚಿಕೆ. ಹಸಿವು ಆಮೇಲೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ತಿನಿಸು ಇದ್ದೀತು, ಬಾಯಲ್ಲಿ ನೀರೂರಿಸುತ್ತಲೇ ತಲೆ ತಗ್ಗಿಸುವಂತೆ ಮಾಡುವಂಥದ್ದು. ಇದ್ದರೆ ನಾನು ಹೇಳುವುದು ನಿಮಗೆ ಹೊಸದೇನಲ್ಲ.

ನಮ್ಮ ಮನೆ ಐಮಂಗಲದ ಹತ್ತಿರ, ಹೆದ್ದಾರಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು. ರಸ್ತೆ ಅಗಲ ಮಾಡುವಾಗ ಮೊದಲು ಕುರಿ ರೊಪ್ಪ ಹೋಯಿತು, ಆಮೇಲೆ ಮನೆಯೂ ಹೋಯಿತು, ಈಗ ಅಲ್ಲಿ ಲಾರಿಗಳು ನಿಲ್ಲುತ್ತವೆ. ಒಂದು ಕಾಲಕ್ಕೆ ಅದೇ ಜಾಗದಲ್ಲಿ, ಕುರಿ ಹಿಕ್ಕೆಯ ವಾಸನೆ ತೇಲಿಬರುವ ಪಡಸಾಲೆಯಲ್ಲಿ, ಅಪ್ಪ, ಅಮ್ಮ, ಅಪ್ಪನ ತಂಗಿ ಗೌರತ್ತೆ, ನಾನು ಸಾಲಾಗಿ ಕೂತು ಮುದ್ದೆ ಉಣ್ಣುತ್ತಿದ್ದೆವು. ಬಡಿಸುವವಳು ಅಪ್ಪನ ಅವ್ವ, ನನ್ನ ಅಜ್ಜಿ. ಮುದ್ದೆ ಜೊತೆಗೆ ದಿನವೂ ಹಸಿ ಸೊಪ್ಪು ಇರಲೇಬೇಕು. ಎಳೆ ಮೆಂತ್ಯ, ಮೂಲಂಗಿ ಸೊಪ್ಪು, ಈರುಳ್ಳಿ ತಾಳು, ಬದುವಿನ ಮೇಲೆ ಸಿಕ್ಕ ಮತ್ತೊಂದು, ಎಲ್ಲವನ್ನೂ ಅಜ್ಜಿ ಕೈಯಿಂದಲೇ ಹರಿದು ಅಗಲವಾದ ಗಂಗಾಳಕ್ಕೆ ಹಾಕುತ್ತಿದ್ದಳು. ಹುರಿದ ಹುಚ್ಚೆಳ್ಳು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಒರಳಲ್ಲಿ ಕುಟ್ಟಿ, ಅದು ತಾನೇ ಎಣ್ಣೆ ಬಿಟ್ಟು ಕರ್ರಗೆ ಅಂಟಂಟಾಗುವ ಹೊತ್ತಿಗೆ ಹುಣಸೆ ನೀರು, ಚೂರು ಬೆಲ್ಲ, ಮೇಲೊಂದಿಷ್ಟು ಶೇಂಗಾ ಎಣ್ಣೆ. ಗಟ್ಟಿ ಮೊಸರಿದ್ದ ದಿನ ಎಣ್ಣೆಯ ಬದಲು ಮೊಸರು. ಉಪ್ಪು ಮಾತ್ರ ಎಲ್ಲರೂ ಕೂತ ಮೇಲೆ, ಮೊದಲೇ ಹಾಕಿದರೆ ಸೊಪ್ಪು ನೀರು ಬಿಟ್ಟುಕೊಂಡು ಮುದುರುತ್ತದೆ. "ಹಿಸುಕಬ್ಯಾಡ ಕಣೇ, ಸವರು. ಎಲೆ ಎಲೆಗೂ ಹತ್ಬೇಕು" ಎಂದು ಗೌರತ್ತೆಗೆ ಹೇಳಿಕೊಡುತ್ತಿದ್ದಳು. ಅದಕ್ಕೊಂದು ಹೆಸರೂ ಇರಲಿಲ್ಲ. ಸೊಪ್ಪಿನ ಮೇಲಿಂದು ಅನ್ನುತ್ತಿದ್ದೆವು, ಅಷ್ಟೇ. ಗೌರತ್ತೆ ಸೊಪ್ಪು ಮುಗಿದ ಮೇಲೂ ಗಂಗಾಳಕ್ಕೆ ಮುದ್ದೆ ಒರೆಸಿ ಒರೆಸಿ ಉಣ್ಣುತ್ತಿದ್ದಳು, ಆ ಗಂಗಾಳ ತೊಳೆಯುವ ಕೆಲಸವೇ ಇರುತ್ತಿರಲಿಲ್ಲ.

ಹಬ್ಬದ ದಿನ, ಮಂದೆ ದೂರದ ಸೀಮೆಗೆ ಹೊರಡುವ ದಿನ, ದೊಡ್ಡ ನೆಂಟರು ಬಂದ ದಿನ, ಕಲಸಿದ ಸೊಪ್ಪಿನ ಮೊದಲ ಹಿಡಿ ನಮಗೆ ಸಿಗುತ್ತಿರಲಿಲ್ಲ. ಗುಡ್ಡದ ದೇವರ ಹೆಸರಲ್ಲಿ ಬಿಟ್ಟ ಟಗರೊಂದು ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನು ಕಟ್ಟುವಂತಿಲ್ಲ, ಬೈಯುವಂತಿಲ್ಲ, ಪಡಸಾಲೆಯಲ್ಲಿ ಯಜಮಾನನ ಹಾಗೆ ಓಡಾಡಿಕೊಂಡಿರುತ್ತಿತ್ತು. ಮೊದಲ ಹಿಡಿಯನ್ನು ಅಜ್ಜಿ ಅದರ ಬಾಯಿಗೆ ಹಿಡಿಯುತ್ತಿದ್ದಳು. ಖಾರಕ್ಕೆ ಸೀನುತ್ತಿತ್ತು, ಆದರೂ ಬಿಡುತ್ತಿರಲಿಲ್ಲ. ಅದು ತಿಂದರೆ ದೇವರು ಉಂಡ ಹಾಗೆ. ಆಮೇಲೆ ಅದೇ ಕೈಯಿಂದ, ಅದೇ ಗಂಗಾಳದಿಂದ ಮನುಷ್ಯರಿಗೆ. ಒಬ್ಬರಿಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಮಾಡುವುದು ಅಜ್ಜಿಗೆ ಗೊತ್ತೇ ಇರಲಿಲ್ಲ.

ಗೌರತ್ತೆಯನ್ನು ನೋಡಲು ಹೊಳಲ್ಕೆರೆಯವರು ಬಂದಾಗ ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಅದಕ್ಕೂ ಮುಂಚೆ ಬಂದ ಗಂಡಿನ ಕಡೆಯವರೆಲ್ಲ ಕಾಫಿ ಕುಡಿದು, ಹೇಳಿ ಕಳಿಸ್ತೀವಿ ಅಂದು ಹೋದವರು ಹೋದವರೇ. ಗೌರತ್ತೆ ಕನ್ನಡಿ ನೋಡುವುದನ್ನೇ ಬಿಟ್ಟಿದ್ದಳು. ಈ ಸಂಬಂಧವಾದರೂ ಕೂಡಿಬರಲಿ ಎಂದು ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಬಂದವರು ನಮ್ಮವರೇ. ಹುಡುಗನ ತಾತ ನಮ್ಮ ತಾತನ ಜೊತೆ ಕುರಿ ಕಾದವನು. ಈಗ ಅವರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ, ತಾರಸಿ ಮನೆ. ಹುಡುಗನ ತಾಯಿ ತಮ್ಮ ಬೀದಿಯ ಇಬ್ಬರು ಹೆಂಗಸರನ್ನೂ ಜೊತೆಗೆ ಕರೆತಂದಿದ್ದರು. ಅವರು ಬೇರೆ ಜಾತಿಯವರು, ಮಣೆಯ ಮೇಲೆ ನೆಲಕ್ಕೆ ತಾಗದಂತೆ ಸೀರೆ ಎತ್ತಿಕೊಂಡು ಕೂತಿದ್ದರು. ಅದನ್ನು ಕಂಡೇ ಅಮ್ಮ ಒಳಗೆ ಬಂದು, "ಅತ್ತೆ, ಇವತ್ತು ಸೊಪ್ಪು ಬ್ಯಾಡ್ರಿ. ಪಲ್ಯ ಐತೆ, ಸಾಕು" ಅಂದಳು. ಅಜ್ಜಿ ಕೇಳಬೇಕಲ್ಲ. "ಬೀಗರಾಗೋರಿಗೆ ದೇವ್ರ ಹಿಡಿ ಇಲ್ದಂಗೆ ಎಲೆ ಹಾಕ್ತೀವೇನೇ? ಆ ಹುಡುಗನ ತಾತ ಇದೇ ಗಂಗಾಳದಾಗೆ ಉಂಡೋನು" ಅಂದವಳೇ ಕಲಸಿದ ಗಂಗಾಳ ಹಿಡಿದು ಹೊರಟಳು.

ಅಜ್ಜಿ ಪಡಸಾಲೆಗೆ ಬಂದು, ಕಂಬದ ಪಕ್ಕ ನಿಂತಿದ್ದ ಟಗರಿನ ಬಾಯಿಗೆ ಹಿಡಿ ತುಂಬ ಸೊಪ್ಪು ಕೊಟ್ಟಳು. ಅದು ತಿಂದು ಸೀನಿತು. ಅಜ್ಜಿ ನಗುತ್ತ, ಆ ಜೊಲ್ಲು ಹತ್ತಿದ ಕೈಯಲ್ಲೇ ಇನ್ನೊಂದು ಹಿಡಿ ತೆಗೆದು ಹುಡುಗನ ತಾಯಿಯ ಎಲೆಗೆ ಬಗ್ಗಿದಳು. ಜೊತೆಗೆ ಬಂದಿದ್ದ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಡುಗನ ತಾಯಿ ಎಲೆಗೆ ಎರಡೂ ಕೈ ಅಡ್ಡ ಹಿಡಿದರು. "ಕುರಿ ಎಂಜಲು ಇಕ್ತೀರೇನ್ರಿ ನಮಗೆ? ನಮ್ಮ ಮನ್ಯಾಗೆ ಇವೆಲ್ಲ ಇಲ್ರಿ." ಅವರಿಗೆ ಆ ಪದ್ಧತಿ ತಿಳಿಯದ್ದೇನಲ್ಲ, ತಿಳಿದಿದ್ದರಿಂದಲೇ ಬೀದಿಯವರ ಎದುರು ಅಷ್ಟು ಕೆಂಪಾದರು. ಅದು ನನಗೆ ಅರ್ಥವಾಗಲು ಎಷ್ಟೋ ವರ್ಷ ಬೇಕಾಯಿತು. ಆಗ ನನಗೆ ನೆಲ ಬಾಯಿ ಬಿಟ್ಟರೆ ಸಾಕಿತ್ತು. ಅಪ್ಪ ಕೈ ಮುಗಿದು, "ತಪ್ಪಾತು, ವಯಸ್ಸಾದೋರು, ಬುದ್ಧಿ ಓಡಲ್ಲ" ಅಂದ. ಅಜ್ಜಿಗೆ ಆಗ ಅಂಥ ವಯಸ್ಸೇನೂ ಆಗಿರಲಿಲ್ಲ. ಸೊಪ್ಪು ಹಿಡಿದ ಕೈ ಎಲೆಯ ಮೇಲೆ ಹಾಗೇ ಇತ್ತು, ಎಲ್ಲಿಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಆಗ ಗೌರತ್ತೆ ಒಳಗಿನಿಂದ ಬಂದಳು. ಸಂಬಂಧ ಕೈತಪ್ಪುತ್ತಿದೆ ಎಂದು ಅವಳಿಗೆ ಗೊತ್ತಾಗಿತ್ತು. ತಲೆ ಎತ್ತದೆ, "ಅದು ನಮ್ಮವ್ವಂದು ಅಷ್ಟೇ ರೀ. ನಾನು ಹುಟ್ಟಿದಾಗಿಂದ ಅದನ್ನ ಬಾಯಿಗಿಟ್ಟೋಳಲ್ಲ" ಅಂದಳು. ಹುಡುಗನ ತಾಯಿಯ ಮುಖ ಸಡಿಲವಾಯಿತು. ಅಜ್ಜಿ ಮಗಳ ಕಡೆ ಒಂದು ಸಲ ನೋಡಿ, "ಹೂಂ ರೀ, ಅವಳು ತಿನ್ನಲ್ಲ" ಎಂದು ತಾನೂ ಸೇರಿಸಿ, ಗಂಗಾಳ ಎತ್ತಿಕೊಂಡು ಹೋಗಿ ರೊಪ್ಪದಲ್ಲಿ ಸುರಿದು ಬಂದಳು. ಆಮೇಲೆ ಎಲ್ಲರೂ ಪಲ್ಯ ಹಾಕಿಸಿಕೊಂಡು ಉಂಡರು. ಎದ್ದು ಹೋಗುವ ಮುಂಚೆ ತಾಂಬೂಲವೂ ಆಯಿತು.

ಮದುವೆ ಚೆನ್ನಾಗಿಯೇ ನಡೆಯಿತು. ಅಜ್ಜಿ ಆಮೇಲೆ ಸೊಪ್ಪು ಕಲಸಲೇ ಇಲ್ಲ. ನಾನು ಕೇಳಿದರೆ, "ಅದು ಕುರಿ ತಿನ್ನಾದು ಕಣವ್ವ, ನಿಂಗ್ಯಾಕೆ?" ಅನ್ನುತ್ತಿದ್ದಳು. ಟಗರು ಸತ್ತ ಮೇಲೆ ಇನ್ನೊಂದನ್ನು ಬಿಡಲಿಲ್ಲ, ಕುರಿಗಳನ್ನೂ ಅಪ್ಪ ಮಾರಿದ. ಗೌರತ್ತೆ ಹಬ್ಬಕ್ಕೆ ಬರುವಳು, ಉಂಡು ಹೋಗುವಳು. ಅಜ್ಜಿ ಹೊಳಲ್ಕೆರೆಗೆ ಹೋದರೆ ಮಗಳ ಅಡುಗೆಮನೆಯ ಹೊಸಲು ದಾಟುತ್ತಿರಲಿಲ್ಲ, ಕೊಟ್ಟದ್ದು ಉಂಡು ಬರುತ್ತಿದ್ದಳು. ಆ ದಿನದ ಮಾತನ್ನು ಯಾರೂ ಎತ್ತಲಿಲ್ಲ. ನನಗೆ ಮೊದಮೊದಲು ಅಜ್ಜಿಯ ಬಗ್ಗೆ ನಾಚಿಕೆ, ದೊಡ್ಡವಳಾದ ಮೇಲೆ ಅತ್ತೆಯ ಬಗ್ಗೆ, ಆಮೇಲಾಮೇಲೆ ಮನೆ ಮಂದಿಯೆಲ್ಲರ ಬಗ್ಗೆ. ಕೈ ಮುಗಿದ ಅಪ್ಪ, ಬಾಯಿ ಮುಚ್ಚಿಕೊಂಡಿದ್ದ ಅಮ್ಮ, ಯಾರನ್ನು ಬಿಡಲಿ ಹೇಳಿ. ಒಂದು ಹೆಣ್ಣಿನ ಮದುವೆಯಾಗಲಿ ಎಂದು ಎಲ್ಲರೂ ಹಾಗೆ ನಡೆದುಕೊಂಡಿದ್ದರು, ಅಂದುಕೊಂಡಂತೆ ಆಯಿತು ಕೂಡ. ತಪ್ಪೆಂದು ಯಾರ ಕಡೆ ಬೆರಳು ತೋರಿಸುವುದು?

ರಸ್ತೆಗೆ ಮನೆ ಹೋದ ಮೇಲೆ ಹಿರಿಯೂರಿನಲ್ಲಿ ಬಾಡಿಗೆಗಿದ್ದೆವು. ಅಜ್ಜಿ ಅಲ್ಲೇ ಹಾಸಿಗೆ ಹಿಡಿದಳು. ಗಂಜಿ ಇಳಿಯದು, ಹಾಲು ಇಳಿಯದು, ಏನು ಕೊಟ್ಟರೂ ಮುಖ ತಿರುಗಿಸುವಳು. ಗೌರತ್ತೆ ಬಂದಳು. ಅವಳ ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಇವಳ ತಲೆಯೂ ನೆರೆತಿತ್ತು. ಯಾರನ್ನೂ ಏನೂ ಕೇಳದೆ ಚೀಲದಿಂದ ಹುಚ್ಚೆಳ್ಳು ತೆಗೆದು ಹುರಿದಳು, ಮಿಕ್ಸಿಯಲ್ಲಿ ತಿರುವಿ, ಎಳೆ ಮೆಂತ್ಯ ಹರಿದು, ಮೊಸರು ಹಾಕಿ ಕಲಸಿಕೊಂಡು ಬಂದು ಹಾಸಿಗೆಯ ಪಕ್ಕ ಕೂತಳು. "ಉಣ್ಣವ್ವ, ನಾನೇ ಕಲಸೀನಿ" ಎಂದು ಚಿಟಿಕೆಯಷ್ಟು ಬಾಯ ಹತ್ತಿರ ಹಿಡಿದಳು. ಅಜ್ಜಿಗೆ ವಾಸನೆ ತಿಳಿಯಿತು. ಎಷ್ಟೋ ದಿನಗಳ ಮೇಲೆ ಕಣ್ಣು ಅಗಲಿಸಿ ಮಗಳ ಕೈ ನೋಡಿದಳು, ಆಮೇಲೆ ಬೀದಿಯ ಕಡೆ ನೋಡಿದಳು.

"ಬಾಗ್ಲು ಹಾಕ್ಕೊ ತಾಯಿ" ಅಂದಳು. "ಯಾರಾನ ನೋಡಿದ್ರೆ ನಿಂಗೆ ಅವಮಾನ ಆಗ್ತೈತೆ."

ಗೌರತ್ತೆಗೆ ಏಳಲು ಆಗಲಿಲ್ಲ. ನಾನೇ ಹೋಗಿ ಬಾಗಿಲು ಹಾಕಿ ಅಗುಳಿ ಇಟ್ಟೆ. ಆಮೇಲೆ ಅಜ್ಜಿ ಬಾಯಿ ತೆರೆದಳು.