ಗಾಲಿಗೆ ಕಟ್ಟಿದ ಕೆಂಪು ಬಟ್ಟೆ

ನದಾಫ ಮಾಸ್ತರರು ಪಾಠ ಶುರು ಮಾಡುವ ಮೊದಲು ತಮ್ಮ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಿದ್ದರು. ಮುಂದಿನ ಗಾಲಿಯ ಒಂದು ಕಡ್ಡಿಗೆ ದಪ್ಪ ಗಂಟಿನ ಕೆಂಪು ಬಟ್ಟೆ, ಕಾಲು ಸುತ್ತು ಹಿಂದಿನ ಕಡ್ಡಿಗೆ ಹಸಿರು. ಗಾಲಿ ತಿರುಗಿಸಿ ಹೇಳುತ್ತಿದ್ದರು: "ಬಾಜೂಕ ನಿಂತರ ಬಟ್ಟಿ ಸುತ್ತತೈತಿ. ಈಗ ಗಾಲಿ ಎದುರಿಗೆ ಬರ್ರಿ. ಬರೇ ಏರತೈತಿ, ಇಳೀತೈತಿ. ಕರೆಂಟಿನ ಆಟಾನೂ ಇಷ್ಟ." ಆ ತಿರುಗುವ ಕಡ್ಡಿಗೆ ಪುಸ್ತಕದಲ್ಲಿ ಫೇಸರ್ ಎಂಬ ದೊಡ್ಡ ಹೆಸರಿತ್ತು.

ಕೆಲಸದಿಂದ ನಿವೃತ್ತರಾದ ಮೇಲೆ ಅವರು ತಮ್ಮೂರು ಧುಪದಾಳದಿಂದ ದಿನಾ ಗೋಕಾಕಕ್ಕೆ ಬಂದು, ಎಲೆಕ್ಟ್ರಿಕಲ್ ಪರೀಕ್ಷೆಗೆ ಕೂಡುವವರಿಗೆ ಪಾಠ ಹೇಳುತ್ತಿದ್ದರು. ನಾನು ಒಮ್ಮೆ ನಪಾಸಾದವನು. ಮತ್ತೆ ನಪಾಸಾದರೆ ನಮ್ಮೂರು ಮಸಗುಪ್ಪಿಗೆ ಬಂದು ಹೊಲ ನೋಡಿಕೋ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದ. ಹೊಲದ ಮೇಲೆ ನನಗೇನೂ ಸಿಟ್ಟಿರಲಿಲ್ಲ, ಸೋತು ಹೋಗುವುದು ಬೇಡವಾಗಿತ್ತು.

ಒಂದು ದಿನ ರೆಸಿಸ್ಟರಿನ ಮೇಲೆ ಮೂವತ್ತು ವೋಲ್ಟ್, ತಂತಿ ಸುತ್ತಿದ ಕಾಯಿಲಿನ ಮೇಲೆ ನಲವತ್ತು ಬಂತು. ಎರಡನ್ನೂ ಸೇರಿಸಿ ಅಳೆದರೆ ಮೀಟರು ಎಪ್ಪತ್ತರ ಬದಲು ಐವತ್ತು ತೋರಿಸಿತು.

"ಮೀಟರ್ ಕೆಟ್ಟೈತ್ರಿ ಮಾಸ್ತರ," ಎಂದೆ.

"ಅದಕ್ಯಾಕ ಬೈತಿ ತಮ್ಮಾ? ಒಂದೆತ್ತು ಮೂಡಲಕ್ಕ, ಒಂದೆತ್ತು ಬಡಗಲಕ್ಕ ಎಳದ್ರ ಎರಡರ ಜೋರು ಹಂಗ ಕೂಡಸಾಕ ಬರತೈತೇನು? ಮೊದಲ ದಿಕ್ಕು ನೋಡು."

ಲೆಕ್ಕ ಒಪ್ಪಿಕೊಂಡೆ, ತಲೆಗೆ ಹೋಗಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಮಾಸ್ತರರು ಕಣ್ಣು ಮಂಜಾಗಿ, ಸೈಕಲ್ ಸಮೇತ ಕಾಲುವೆಯ ದಂಡೆಯಲ್ಲಿ ಬಿದ್ದರು. ಪಾಠ ನಿಂತಿತು. ನನ್ನ ಕಥೆ ಮುಗಿಯಿತು ಎಂದುಕೊಂಡೇ ಧುಪದಾಳಕ್ಕೆ ಹೋದೆ. ಅವರು ನಕ್ಕರು: "ಕಣ್ಣು ಹೋಗಾಕತ್ತಾವು, ಕೋನ ಹೋಗಿಲ್ಲ. ಗಾಲಿ ತಿರುಗಸು."

ಗಾಲಿಯ ಮೇಲ್ತುದಿಯಲ್ಲಿ ಬೆರಳು ಹಿಡಿದು ಕೂತರು. ದಪ್ಪ ಗಂಟು ಬೆರಳಿಗೆ ತಾಗಿತು. "ಕೆಂಪು ಬಂತು. ಹಸರು ಎಲ್ಲೈತಿ? ನೀನೂ ಕಣ್ಣು ಮುಚ್ಚಿ ಹೇಳು."

ಕಣ್ಣು ಮುಚ್ಚಿದೆ. "ಮ್ಯಾಲಿಗೂ ಕೆಳಗೂ ನಟ್ಟನಡುವ ಐತ್ರಿ. ಮ್ಯಾಲ ಬರಾಕತ್ತೈತಿ." ಪುಸ್ತಕದ ಬಾಣಗಳು ಅಂದು ಮೊದಲ ಸಲ ನನ್ನೊಳಗೆ ತಿರುಗಿದವು.

ಪಾಸಾಗಿ ಪೇಢೆ ಒಯ್ದಾಗ ಅವರಿಗೆ ಏನೂ ಕಾಣುತ್ತಿರಲಿಲ್ಲ.

"ಮೂವತ್ತು ನಲವತ್ತು ಎಷ್ಟ?"

"ಐವತ್ರಿ."

"ಒಂದ ದಿಕ್ಕಿಗೆ ಎಳದ್ರ ಎಪ್ಪತ್ತೂ ಆಗತೈತಿ. ಅದನ್ನೂ ಮರೀಬ್ಯಾಡ." ಆಮೇಲೆ ಗೋಡೆಯ ಕಡೆ ಕೈ ಮಾಡಿದರು. "ಸೈಕಲ್ ನೀ ಒಯ್ಯಿ. ಬಟ್ಟಿ ಬಿಚ್ಚಬ್ಯಾಡ."

ನನಗೆ ಅಳು ಬಂತು. ಬಾಗಿಲಲ್ಲಿ ಅವರು ಬೆರಳು ಚಾಚಿದರು. ಮುಂದಿನ ಗಾಲಿ ಎತ್ತಿ ತಿರುಗಿಸಿದೆ, ಗಂಟು ತಾಗಿತು.

"ಕೆಂಪು ಬಂತು," ಎಂದರು. "ಹಸರೂ ಬೆನ್ನಹಿಂದ ಬರತೈತಿ. ನೀ ಹೋಗಿ ಬಾ."

ಮತ್ತೆ ಹೋದಾಗ ಮಾಸ್ತರರು ತೀರಿಹೋಗಿದ್ದರು. ಸೈಕಲ್ ನನ್ನ ಹತ್ತಿರ ಇದೆ, ಬಟ್ಟೆ ಬಿಚ್ಚಿಲ್ಲ.