ಮರಿಯಯ್ಯನವರ ಅಗ್ಗಿಷ್ಟಿಕೆ

ಹುಣಸೂರಿನ ನಿವೃತ್ತ ಶೇಕದಾರ್ ಮರಿಯಯ್ಯನವರು, ಕಾಫಿತೋಟದ ದೊರೆಯೊಬ್ಬರ ಬಂಗಲೆ ಹರಾಜಿನಲ್ಲಿ ಹೊಗೆಕೊಳವೆ ಸಮೇತ ಕೊಂಡ ಕಬ್ಬಿಣದ ಅಗ್ಗಿಷ್ಟಿಕೆಯನ್ನು ದಿನಾ ಬೆಳಿಗ್ಗೆ ಮದುಮಗನಿಗೆ ಎಣ್ಣೆನೀರು ಹಾಕುವ ಮುತುವರ್ಜಿಯಿಂದ ಉಜ್ಜುತ್ತಾರೆ. ಬೆಂಕಿ ಮಾತ್ರ ಹಾಕುವುದಿಲ್ಲ; ಆದ್ದರಿಂದ ಉಜ್ಜುವ ಬೂದಿಯನ್ನೂ ಅಡುಗೆಮನೆಯಿಂದಲೇ ತರಬೇಕು. ಮಾಗಿಯ ಚಳಿಯಲ್ಲಿ ಬಂದ ನೆಂಟರನ್ನು ಅದರ ಮುಂದೆ ಕೂರಿಸಿ, "ಕೈ ಚಾಚ್ರಿ, ಎಂಗದೆ?" ಎನ್ನುತ್ತಾರೆ. "ಬೆಚ್ಚಗದೆ" ಎಂದವರಿಗಷ್ಟೇ ಕಾಫಿ. "ಒಂದು ಕೊಳ್ಳಿನಾದ್ರೂ ಇಡಿ ಯಜಮಾನ್ರೇ" ಎಂದರೆ, "ಮಸಿಯಾಯ್ತದೆ ಕಣ್ರೀ!" ಎಂದು ಸಿಡುಕುತ್ತಾರೆ. ಮೊನ್ನೆ ನಾನು ಅದರ ಹಿಂದೆ ಇಣುಕಿದರೆ, ಹೊಗೆ ಹೋಗುವ ಕೊಳವೆಯೇ ಇಲ್ಲ! ಅಡುಗೆಮನೆಗೆ ಹೋಗಿ ನೋಡಿದರೆ, ಆ ಕೊಳವೆ ಅವರ ಹೆಂಡತಿ ಪುಟ್ಟಮಾದಮ್ಮನ ಮಣ್ಣಿನ ಒಲೆಯ ಮೇಲಿಂದ ಸೂರು ದಾಟಿ ನಿಂತಿತ್ತು. ಮರಿಯಯ್ಯನವರು ನನ್ನ ಕೈ ಹಿಡಿದು ಪಿಸುಗುಟ್ಟಿದರು: "ಒಗೇಲಿ ಅವಳ ಕಣ್ಣು ಉರೀತಿತ್ತು. ಯಾರ್ಗೂ ಯೋಳ್ಬ್ಯಾಡಿ. ಊರೋರು ನನ್ನ ಹುಚ್ಚ ಅಂತ್ಲೇ ಅನ್ಕೊಳ್ಳಲಿ."